ಬುಧವಾರ ಎಲ್ಲವೂ ತೆರೆದಿರುತ್ತದೆ

“ಯಮನೂರಾ, ಕಡೀ ಸಲ ಕೇಳಾಕತ್ತೀನಿ. ಬರ್ತಿಯೋ ಇಲ್ಲೋ?”

ಚನಬಸಪ್ಪ ಬಾಗಿಲ ಚೌಕಟ್ಟಿಗೆ ಕೈಕೊಟ್ಟು ನಿಂತಿದ್ದ. ಹೆಗಲಲ್ಲಿ ಚೀಲವಿತ್ತು. ಅವನ ಹಿಂದೆ ವಠಾರದ ಓಣಿಯಲ್ಲಿ ಮಕ್ಕಳನ್ನು ಕೂಗುವ, ಗಂಟು ಎಳೆಯುವ, ಒಂದಾದ ಮೇಲೊಂದು ಬಾಗಿಲಿಗೆ ಬೀಗ ಜಡಿಯುವ ಸದ್ದು. ಬೀದಿಯ ತಿರುವಿನಲ್ಲಿ ಫೌಂಡ್ರಿಯ ಕಾಂಪೌಂಡಿಗೆ ಒತ್ತಿಕೊಂಡು ನಿಂತಿದ್ದ ಬಸ್ಸು ಆಗಲೇ ಹಾರ್ನ್ ಹೊಡೆಯತೊಡಗಿತ್ತು. ನಾಳೆ ವಿಧಾನಸಭೆಗೆ ಮತದಾನ. ಪೀಣ್ಯದಲ್ಲಿ ದುಡಿಯುವ ಕುಷ್ಟಗಿ ಕಡೆಯವರ ಓಟುಗಳೆಲ್ಲ ಕುಷ್ಟಗಿಯಲ್ಲೇ ಇದ್ದವು. ಊರಿನಿಂದ ಯಾರೋ ಬಸ್ಸು ಕಳಿಸಿದ್ದರು. ಈಗ ಹೊರಟು, ಬೆಳಿಗ್ಗೆ ಓಟು ಹಾಕಿ, ಮತ್ತೆ ಸಂಜೆಗೆ ಬಸ್ಸು ಹತ್ತಿದರೆ ನಾಡಿದ್ದಿನ ಪಾಳಿ ತಪ್ಪುವುದಿಲ್ಲ.

“ಇಲ್ಲೋ ಮಾವ, ಈ ಸಲ ಆಗಂಗಿಲ್ಲ,” ಎಂದ ಯಮನೂರ. “ಬ್ಯಾರೆ ಕೆಲಸ ಐತಿ.”

“ಓಟಿನ ದಿನ ಎಂಥಾ ಕೆಲಸಲೇ? ಪೀಣ್ಯದಾಗಿನ ಕಂಪನಿ ಎಲ್ಲಾ ಬಂದ್ ಅದಾವು.” ಚನಬಸಪ್ಪನ ಕಣ್ಣು ಒಲೆಯ ಪಕ್ಕ ಕೂತಿದ್ದ ಶೈಲಶ್ರೀಯ ಮೇಲೆ, ಆಮೇಲೆ ಅವಳ ತೊಡೆಯ ಮೇಲಿದ್ದ ಪುಸ್ತಕದ ಮೇಲೆ ಬಿತ್ತು. ರಟ್ಟಿನ ಮೇಲೆ ಬಣ್ಣ ಮಾಸಿದ ವಿಧಾನಸೌಧ. “ಓಹೋ! ಶೈಲಕ್ಕಾರು ಬೆಂಗಳೂರು ನೋಡಾಕ ಹೊಂಟಾರೇನು? ನಾಲ್ಕು ವರ್ಷ ಬೆಂಗಳೂರಾಗ ಇದ್ದು, ಬೆಂಗಳೂರು ಎಲ್ಲೈತಿ ಅಂತ ಪುಸ್ತಕದಾಗ ಹುಡುಕಾಕತ್ತಾರ!”

ಓಣಿಯಲ್ಲಿ ಯಾರೋ ನಕ್ಕರು. ಶೈಲಶ್ರೀ ಪುಟ ತಿರುವಿದಳು. ಓದುತ್ತಿರಲಿಲ್ಲ. ಈಗ ಗಂಡನ ಮುಖ ನೋಡಬಾರದು ಎಂದುಕೊಂಡಿದ್ದಳು. ನೋಡಿದರೆ, ಹೋಗಿ ಬರಲೇನು ಎಂದು ಅವನು ಕೇಳಬಹುದಿತ್ತು. ಕೇಳಿದರೆ ಬೇಡ ಎನ್ನುವ ಧೈರ್ಯ ಅವಳಿಗಿರಲಿಲ್ಲ.

“ನಿಮ್ಮವ್ವಗ ಏನಂತ ಹೇಳ್ಲಿ?”

“ನಾ ಫೋನ್ ಮಾಡ್ತೀನಿ. ನೀ ನಡಿ ಮಾವ, ಬಸ್ ಬಿಟ್ಟಾರು.”

ಬಸ್ಸು ಹೋದ ಮೇಲೆ ವಠಾರ ಒಮ್ಮೆಲೇ ಸುಮ್ಮನಾಯಿತು. ಯಮನೂರ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದ. ಒಳಗೆ ಬಂದವನು, “ಹೋತು,” ಎಂದಷ್ಟೇ ಹೇಳಿ ಗೋಡೆಗೆ ಮುಖ ಮಾಡಿ ಮಲಗಿದ.

ಅವರು ಪೀಣ್ಯಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಊರಿನ ಬಸ್ಸು ಪ್ರತಿಸಲ ಅವರನ್ನು ಜಾಲಹಳ್ಳಿ ಕ್ರಾಸಿನಲ್ಲಿ ಇಳಿಸಿ, ಉಳಿದವರನ್ನು ಹೊತ್ತುಕೊಂಡು ಮುಂದೆ ಹೋಗುತ್ತಿತ್ತು. ಆ ಮುಂದೆ ಎನ್ನುವುದೇ ಬೆಂಗಳೂರು ಎಂದು ಶೈಲಶ್ರೀಗೆ ಗೊತ್ತಿತ್ತು, ನೋಡಿರಲಿಲ್ಲ. ಪಂಪಿನ ಬಿಡಿಭಾಗಗಳನ್ನು ಮಾಡುವ ಅವಳ ಕಂಪನಿಗೆ ಭಾನುವಾರ ರಜೆ. ಯಮನೂರನ ಮಷೀನ್ ಶಾಪ್ ಇದ್ದ ಸಾಲಿನ ಶೆಡ್ಡುಗಳಿಗೆ ಹಳೆಯ ಪವರ್ ಕಟ್ ಕಾಲದಲ್ಲಿ ಒಂದೊಂದು ಸಾಲಿಗೆ ಒಂದೊಂದು ದಿನ ಬಿಡುವು ಹಂಚಿದ ಪದ್ಧತಿಯಂತೆ ಸೋಮವಾರ ರಜೆ. ಅವನ ಅವ್ವ ಬಸಕ್ಕನಿಗೆ ಇದು ಬಹಳ ಸೇರಿತ್ತು. “ನಮ್ಮ ಎತ್ತಿಗೂ ಸ್ವಾಮಾರ ನೊಗಾ ಹಾಕಂಗಿಲ್ಲ, ನನ್ನ ಮಗನ ಕೊಳ್ಳಿಗೂ ಹಾಕಂಗಿಲ್ಲ. ಛಲೋ ಆತು ಬಿಡು,” ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ಎತ್ತಿನ ಹೆಂಡತಿಗೆ ಯಾವ ದಿನ ರಜೆ ಎಂದು ಅವಳು ಕೇಳಿರಲಿಲ್ಲ. ಇಬ್ಬರಿಗೂ ಒಟ್ಟಿಗೆ ರಜೆ ಸಿಗುತ್ತಿದ್ದುದು ಹಬ್ಬಕ್ಕೆ, ಹಬ್ಬ ಬಂದರೆ ಊರು.

ಹೋದ ತಿಂಗಳು ಒಂದು ಸಂಜೆ ಊಟ ಮಾಡುತ್ತ ಯಮನೂರ, ಮಷೀನ್ ಶಾಪ್ ಅತ್ತಿಬೆಲೆಗೆ ಹೋಗುತ್ತದೆ ಎಂದಿದ್ದ. ಮಾಲೀಕ ಅಲ್ಲೇ ಖೋಲಿ ಕೊಡುತ್ತಾನಂತೆ, ಜೂನ್ ಶುರುವಿಗೇ ಹೋಗಬೇಕಂತೆ. ಅತ್ತಿಬೆಲೆ ಬೆಂಗಳೂರಿನ ಇನ್ನೊಂದು ತುದಿ, ಅದರಾಚೆ ತಮಿಳುನಾಡು. ಅವಳು ಸಾರು ಬಡಿಸುತ್ತ ಕಾದಳು. ಅವನು ನೀನೂ ಬಾ ಎನ್ನಲಿಲ್ಲ. ನೀ ಇಲ್ಲೇ ಇರು ಎಂತಲೂ ಅನ್ನಲಿಲ್ಲ. ಮರುದಿನ ಕಾದಳು, ಆ ವಾರ ಪೂರ್ತಿ ಕಾದಳು. ಅವಳನ್ನು ಕಂಪನಿಯವರು ಪರ್ಮನೆಂಟ್ ಮಾಡಿದ್ದು ಅದಕ್ಕೆ ಸ್ವಲ್ಪ ಮುಂಚೆ. ಬಿಡು ಎಂದರೆ ಬಿಡುತ್ತಿದ್ದಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ, ಆದರೆ ಕೇಳಿಸಿಕೊಳ್ಳಬೇಕಿತ್ತು. ವಠಾರದ ಗೋಡೆಗಳು ತೆಳು. ಇತ್ತ ಕೆಮ್ಮಿದರೆ ಅತ್ತ ಯಾರೋ ನೀರು ಕುಡಿ ಎನ್ನುತ್ತಾರೆ. ಅಲ್ಲಿ ಕೇಳಲಾಗದ್ದನ್ನು ಎಲ್ಲಾದರೂ ಹೊರಗೆ, ಒಂದು ಇಡೀ ದಿನ ಜೊತೆಯಲ್ಲಿ ತಿರುಗಿದರೆ ಅವನೇ ಬಾಯಿಬಿಟ್ಟು ಹೇಳಿಯಾನು ಎಂದು ಅವಳಿಗೆ ಅನಿಸಿತ್ತು.

ಅಷ್ಟರಲ್ಲಿ ಮತದಾನಕ್ಕೆ ಬುಧವಾರ ರಜೆ ಎಂದು ಎರಡೂ ಕಂಪನಿಯ ಗೇಟಿನಲ್ಲಿ ನೋಟಿಸು ಅಂಟಿತು.

ಪುಸ್ತಕ ಸಿಕ್ಕಿದ್ದು ವಠಾರದ ಒಡತಿ ಪಿಳ್ಳಮ್ಮನ ಮನೆಯ ರದ್ದಿಯಲ್ಲಿ. ಬೆಂಗಳೂರಿಗೆ ಬರುವ ಪ್ರವಾಸಿಗರಿಗಾಗಿ ಬರೆದ ತೆಳ್ಳನೆಯ ಗೈಡು. ಅದರಲ್ಲಿ ‘ಒಂದೇ ದಿನದಲ್ಲಿ ಬೆಂಗಳೂರು’ ಎಂಬ ಅಧ್ಯಾಯವಿತ್ತು: ಮೊದಲು ತಾರಾಲಯ, ಆಮೇಲೆ ವಸ್ತುಸಂಗ್ರಹಾಲಯ, ವಿಧಾನಸೌಧ, ಊಟ, ಕಬ್ಬನ್ ಪಾರ್ಕಿನಲ್ಲಿ ವಿಶ್ರಾಂತಿ, ಕೊನೆಗೆ ಲಾಲ್‌ಬಾಗ್. ಎಲ್ಲಿಂದ ಎಲ್ಲಿಗೆ ಯಾವ ಬಸ್ಸು ಎಂದೂ ಇತ್ತು.

“ಫೋನಾಗ ನೋಡಿದ್ರ ಆಗ್ತಿತ್ತಲ್ಲ?” ಎಂದಿದ್ದ ಯಮನೂರ.

“ಫೋನು ನೂರು ಜಾಗ ತೋರಸ್ತೈತಿ. ಯಾವುದು ಮೊದಲ, ಯಾವುದು ಆಮ್ಯಾಲೆ ಅಂತ ಹೇಳಂಗಿಲ್ಲ.”

ಬಿ.ಎ. ಓದುವಾಗಿನಿಂದ ಅಚ್ಚಾದ ಮಾತನ್ನು ನಂಬುವುದು ಅವಳಿಗೆ ರೂಢಿ. ಪುಸ್ತಕದಲ್ಲಿ ವಾರದ ರಜೆಗಳ ಒಂದು ಪಟ್ಟಿ ಇತ್ತು. ಸೋಮವಾರ ಇಂತಿಂಥವು ಮುಚ್ಚಿರುತ್ತವೆ, ಮಂಗಳವಾರ ಇಂತಿಂಥವು. ಕೆಳಗೆ ದಪ್ಪ ಅಕ್ಷರದಲ್ಲಿ: ‘ಬುಧವಾರ ಎಲ್ಲವೂ ತೆರೆದಿರುತ್ತದೆ.’ ಆ ಸಾಲಿನ ಅಡಿಗೆ ಅವಳು ಪೆನ್ನಿನಿಂದ ಎರಡು ಗೆರೆ ಎಳೆದಿದ್ದಳು.

ಬೆಳಿಗ್ಗೆ ಹೊರಡುವ ಮುಂಚೆ ಅವನ ಯೂನಿಫಾರ್ಮನ್ನೂ ತನ್ನ ನೀಲಿ ಕೋಟನ್ನೂ ಬಕೆಟ್ಟಿನಲ್ಲಿ ನೆನೆಹಾಕಿದಳು. ಬಂದ ಮೇಲೆ ಒಗೆದರಾಯಿತು. ಒಣಗಿಸುವುದಕ್ಕೆ ಮಹಡಿಯ ತಂತಿಯಲ್ಲಿ ಅವರ ಪಾಲು ಇದ್ದೇ ಇತ್ತು. ಒಂದೇ ಉದ್ದನೆಯ ತಂತಿಯನ್ನು ಅಲ್ಲಲ್ಲಿ ಚಿಂದಿ ಕಟ್ಟಿ ಒಂದೊಂದು ಖೋಲಿಗೆ ಒಂದೊಂದು ತುಂಡೆಂದು ಹಂಚಿದ್ದರು. ಇವರದ್ದು ನೀರಿನ ಟ್ಯಾಂಕಿನ ಪಕ್ಕ, ನೆರಳು ಬೀಳುವ ಕಡೆಯ ಮೊಳದಷ್ಟು ಜಾಗ. ಚಿಂದಿ ದಾಟಿದರೆ ಜಗಳ.

ಗೇಟಿನಲ್ಲಿ ಪಿಳ್ಳಮ್ಮ ರೇಷ್ಮೆ ಸೀರೆ ಉಟ್ಟು ನಿಂತಿದ್ದರು. ಕೈಯಲ್ಲಿ ಓಟಿನ ಚೀಟಿ. ಈ ವಠಾರ, ಹಿಂದಿನ ಶೆಡ್ಡು, ಅದರಾಚೆಯ ಗೋದಾಮು ಎಲ್ಲ ಒಂದು ಕಾಲಕ್ಕೆ ಅವರ ಮನೆಯ ರಾಗಿ ಹೊಲ.

“ಏನವ್ವ, ಎಲ್ರೂ ಓಟಾಕಕ್ಕೆ ಊರ್ಗೋದ್ರೆ ನೀವಿಬ್ರು ಇಲ್ಲೇ ಇದ್ದೀರಲ್ಲ?”

“ಸಿಟಿ ನೋಡಾಕ ಹೊಂಟೀವ್ರಿ ಅಮ್ಮಾರೆ. ನಿಮ್ಮ ಪುಸ್ತಕ ಐತಲ್ಲ.”

“ಅಯ್ಯೋ, ಆ ಪುಸ್ತಕನಾ? ನಮ್ ಲೋಕೇಶ ಐಸ್ಕೂಲ್ನಾಗಿದ್ದಾಗ ತಂದಿದ್ದು ಕಣವ್ವ ಅದು. ಈಗ ಅವನ ಮಗ ಐಸ್ಕೂಲು!” ಪಿಳ್ಳಮ್ಮ ನಕ್ಕರು. “ನಾನು ಇಲ್ಲೇ ಉಟ್ಟಿ ಇಲ್ಲೇ ಬೆಳ್ದಿವ್ನಿ, ವಿಧಾನಸೌಧ ಇಂಗೈತೆ ಅಂತ ಕಣ್ಣಲ್ ನೋಡಿಲ್ಲ. ಓಟ್ ಮಾತ್ರ ಒಂದ್ಸಲಾನೂ ತಪ್ಸಿಲ್ಲ. ಓಗ್ಬನ್ನಿ, ಎಂಗೈತೆ ಅಂತ ಬಂದು ನಂಗೂ ಏಳಿ. ಸಾಯಂಕಾಲ ನಲ್ಲೀಲಿ ನೀರ್ ಬತ್ತದೆ. ವಠಾರದಾಗೆ ಯಾರೂ ಇಲ್ಲ, ನೀವೇ ರಾಜ ರಾಣಿ.”

ಪುಸ್ತಕದ ವಯಸ್ಸಿನ ಬಗ್ಗೆ ಯಮನೂರ ಏನಾದರೂ ಅಂದಾನೆಂದು ಶೈಲಶ್ರೀ ಬಿರಬಿರನೆ ನಡೆದಳು.

ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿಗೆ ಬಂದರು. ಅಲ್ಲಿ ಮೊದಲ ತೊಡಕು. ಗೈಡಿನಲ್ಲಿ, ‘ಬಸ್ ನಿಲ್ದಾಣದ ಮುಖ್ಯದ್ವಾರದಿಂದ ಹೊರಬಂದು ರೈಲ್ವೆ ನಿಲ್ದಾಣವನ್ನು ಎದುರಿಗಿಟ್ಟುಕೊಂಡು ನಿಂತರೆ’ ಎಂದು ದಾರಿ ಶುರುವಾಗುತ್ತಿತ್ತು. ಇವರು ಹೊರಬಂದಿದ್ದು ಎಲ್ಲಿ ಎಂಬುದೇ ತಿಳಿಯಲಿಲ್ಲ. ಒಂದು ಮೆಟ್ಟಿಲಿನಿಂದ ಹತ್ತಿದರೆ ಆಟೋಗಳ ಸಾಲು, ಇಳಿದು ಇನ್ನೊಂದರಿಂದ ಹತ್ತಿದರೆ ಒಂದು ಗೋಡೆ. ರೈಲ್ವೆ ನಿಲ್ದಾಣವನ್ನು ಎದುರಿಗಿಟ್ಟುಕೊಳ್ಳಲು ಹೋಗಿ ಅದರ ಬೆನ್ನಿಗೆ ಬಂದು ನಿಂತರು. ಅವಳು ಪುಸ್ತಕವನ್ನು ತಿರುಗಿಸಿ ಹಿಡಿದಳು, ತಾನೇ ತಿರುಗಿ ನಿಂತಳು. ಬೆವರು ಕಣ್ಣಿಗಿಳಿಯಿತು.

“ಒಳಗ ಇನ್ನೊಂದು ಮೆಟ್ರೋ ಇತ್ತಲ್ಲ, ವಿಧಾನಸೌಧಕ್ಕ ಅಂತ ಬೋರ್ಡ್ ಇತ್ತು,” ಎಂದ ಯಮನೂರ. “ಅದನ್ನ ಹತ್ತೂಣಂತ.”

“ಪುಸ್ತಕದಾಗ ಮೆಟ್ರೋ ಇಲ್ಲ.”

“ಪುಸ್ತಕದಾಗ ಇಲ್ಲ ಅಂದ್ರ ಮೆಟ್ರೋನ ಇಲ್ಲೇನು? ಈಗ ಹ್ಯಾಂಗ ಬಂದಿ ಮತ್ತ, ಹಾರಿ ಬಂದೇನು?”

ಅವಳು ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಬಂದ ಮೆಟ್ಟಿಲನ್ನೇ ಮತ್ತೆ ಇಳಿದು, ಆ ಇನ್ನೊಂದು ಮೆಟ್ರೋ ಹತ್ತಿದರು.

ತಾರಾಲಯದ ಗೇಟು ಹಾಕಿತ್ತು. ಒಳಗೆ ಮರದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ಕಾವಲುಗಾರ ಇವರನ್ನು ನೋಡಿ ಏಳದೆಯೇ ಕೈಯಾಡಿಸಿದ.

“ಇವತ್ತಿಲ್ಲ ಮೇಡಂ. ರಜ.”

“ಬುಧವಾರ ತೆಗೆದಿರ್ತೈತಿ ಅಂತ ಐತಲ್ರೀ?” ಶೈಲಶ್ರೀ ಗೇಟಿನ ಸಂದಿಯಿಂದ ಪುಸ್ತಕ ತೋರಿಸಿದಳು.

“ಬುಧವಾರ ತೆಗ್ದಿರತ್ತೆ ಮೇಡಂ. ಇವತ್ತು ಎಲೆಕ್ಷನ್ ಅಲ್ವಾ?”

“ಹೌದ್ರಿ, ಅದಕ ನಮಗ ಸೂಟಿ ಐತಿ. ಅದಕ ಬಂದೀವಿ.”

ಕಾವಲುಗಾರ ಈಗ ಎದ್ದು ಬಂದ. ಬೈಯುವ ಮುಖವಲ್ಲ, ಪಾಪ ಎನ್ನುವ ಮುಖ, ಅದು ಇನ್ನೂ ಕಷ್ಟ. “ನಿಮಗೆ ರಜ ಅಂದ್ರೆ ಇಲ್ಲಿ ಟಿಕೆಟ್ ಕೊಡೋರ್ಗೂ ರಜ ಅಲ್ವಾ ಅಕ್ಕ? ಅವ್ರೂ ಓಟ್ ಹಾಕ್ಬೇಕಲ್ಲ.” ಗೇಟಿನ ಕಂಬಿ ಹಿಡಿದ ಅವನ ಎಡಗೈಯ ತೋರುಬೆರಳಿನ ಉಗುರಿನ ಮೇಲೆ ಕಪ್ಪನೆಯ ಮಸಿ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.

ಅವಳು ಅಲ್ಲೇ ನಿಂತುಬಿಟ್ಟಳು. ಓಟು ಎಂದರೆ ಊರಿನಲ್ಲಿ ನಡೆಯುವಂಥದ್ದು. ಇಲ್ಲಿ ಅದು ಬರೀ ಒಂದು ರಜೆ. ನಾಲ್ಕು ವರ್ಷದಿಂದ ಅವಳು ಹಾಗೇ ತಿಳಿದಿದ್ದಳು. ಬೆಂಗಳೂರಿನವರಿಗೂ ಬೆಂಗಳೂರಿನಲ್ಲೇ ಓಟಿರುತ್ತದೆ ಎಂಬಷ್ಟು ಸಣ್ಣ ವಿಷಯ, ಬೆಳಿಗ್ಗೆ ಪಿಳ್ಳಮ್ಮನ ಕೈಯಲ್ಲಿ ಚೀಟಿ ಕಂಡಾಗಲೂ, ಅವಳ ತಲೆಗೆ ಹೊಳೆದೇ ಇರಲಿಲ್ಲ. ಅವಳೊಬ್ಬಳಿಗಲ್ಲ, ಯಮನೂರನಿಗೂ ಹೊಳೆದಿರಲಿಲ್ಲ. ಚನಬಸಪ್ಪನಿಗೆ ಹೊಳೆದಿದ್ದರೆ ಅವನು ಅಷ್ಟಕ್ಕೇ ಬಿಡುತ್ತಿರಲಿಲ್ಲ.

ವಸ್ತುಸಂಗ್ರಹಾಲಯ ಬೇರೆ ಇಲಾಖೆಯದ್ದಲ್ಲವೇ, ನೋಡಿಬಿಡೋಣ ಎಂದಳು. ಬಿಸಿಲಿನಲ್ಲಿ ಪಾರ್ಕನ್ನು ಸೀಳಿಕೊಂಡು ನಡೆದರು. ಅಲ್ಲಿ ಕಾವಲುಗಾರನೂ ಇರಲಿಲ್ಲ. ಕೆಂಪು ಕಟ್ಟಡದ ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿತ್ತು. ಯಮನೂರ ಬೀಗವನ್ನು ಕೈಯಲ್ಲೆತ್ತಿ ತೂಗಿ ನೋಡಿ, “ಛಲೋ ಐತಿ,” ಎಂದ.

ಶೈಲಶ್ರೀ ಪಟ್ಟಿಯ ಪುಟವನ್ನು ಮತ್ತೆ ತೆರೆದಳು. ದಪ್ಪ ಅಕ್ಷರದ ಸಾಲಿನ ಕೆಳಗೆ, ಪುಟದ ಮೂಲೆ ಮಡಿಚಿದ್ದ ಕಡೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು: ‘ಸಾರ್ವತ್ರಿಕ ರಜಾದಿನಗಳನ್ನು ಹೊರತುಪಡಿಸಿ.’ ದಿನವಿಡೀ ಎರಕದ ಭಾಗಗಳನ್ನು ದೀಪಕ್ಕೆ ಹಿಡಿದು ಕೂದಲೆಳೆಯಂಥ ಬಿರುಕು ಹುಡುಕುವುದು ಅವಳ ಕೆಲಸ. ಶೈಲಶ್ರೀ ಮೇಡಂ ಕಣ್ಣಿಂದ ಒಂದೂ ತಪ್ಪಲ್ಲ ಎಂದು ಸೂಪರ್‌ವೈಸರ್ ಹೇಳುತ್ತಿದ್ದ. ಮೂಲೆಯನ್ನು ಬಿಡಿಸಿ, ಮತ್ತೆ ಹಾಗೇ ಮಡಿಚಿ, ಗಂಡನಿಗೆ ಕಾಣದಂತೆ ಪುಸ್ತಕ ಮುಚ್ಚಿದಳು.

ವಿಧಾನಸೌಧವನ್ನು ಮುಚ್ಚುವಂತಿಲ್ಲ, ಅದು ಹೊರಗೇ ಕಾಣುತ್ತಿತ್ತು. ಆದರೆ ರಸ್ತೆಯುದ್ದಕ್ಕೂ ಬ್ಯಾರಿಕೇಡು ಇಟ್ಟಿದ್ದರು. ಎದುರಿಗೆ ನಿಂತು ಯಮನೂರ ಫೋನೆತ್ತಿದ. ಅವಳು ಸೆರಗು ಸರಿಮಾಡಿಕೊಂಡಳು.

“ನಿಲ್ಬೇಡಿ, ನಿಲ್ಬೇಡಿ. ನಡೀತಾ ಇರಿ,” ಎಂದು ಪೊಲೀಸಿನವನು ಲಾಠಿಯಿಂದ ಗಾಳಿಯಲ್ಲಿ ದಾರಿ ತೋರಿಸಿದ.

“ಒಂದು ಫೋಟೋ ಸಾರ್...”

“ನಾಳೆ ಬಂದು ಹತ್ತು ಫೋಟೋ ತಗೊಳ್ಳಪ್ಪ. ಎಲ್ಲೂ ಹೋಗಲ್ಲ ಇದು.”

ನಾಳೆ ಇಬ್ಬರೂ ಪೀಣ್ಯದಲ್ಲಿ ಬೇರೆ ಬೇರೆ ಶೆಡ್ಡಿನಲ್ಲಿರುತ್ತಾರೆ. ಫೋಟೋದಲ್ಲಿ ಅವಳ ಅರ್ಧ ಮುಖ, ಒಂದು ಬ್ಯಾರಿಕೇಡು, ಪೊಲೀಸಿನವನ ತೋಳು ಬಂದಿತ್ತು.

ಅದೇ ಹೊತ್ತಿಗೆ ಬಸಕ್ಕನ ಫೋನು. ಅವಳ ದನಿ ಸ್ಪೀಕರ್ ಹಾಕದೆಯೇ ಶೈಲಶ್ರೀಗೆ ಕೇಳುತ್ತಿತ್ತು. “ಎಲ್ಲಾರೂ ಬಂದಾರಲೇ, ನೀ ಒಬ್ಬಾಂವ ಬಂದಿಲ್ಲ. ನಿನ್ನ ಹೆಸರು ಹಾಳ್ಯಾಗ ಹಂಗ ಉಳದೈತಿ ನೋಡು. ಏನೇನು ನೋಡಿದ್ರಿ ಹೇಳಾರ ಹೇಳು.”

ಯಮನೂರ ಹೆಂಡತಿಯ ಕಡೆ ನೋಡಿ, “ಗೇಟು ನೋಡೀವಿ ಬೇ,” ಎಂದ. “ಛಲೋ ಛಲೋ ಗೇಟು ಅದಾವು. ಒಂದು ಬೀಗ ಅಂತೂ ನಮ್ಮ ಗೌಡರ ಮನಿಯಾಗೂ ಇಲ್ಲ.”

ಅವನು ನಗಿಸಲೆಂದೇ ಹೇಳಿದ್ದ. ಬಸಕ್ಕ ನಗಲಿಲ್ಲ, ಶೈಲಶ್ರೀಯೂ ನಗಲಿಲ್ಲ. ಅವಳು ಮುಂದೆ ಮುಂದೆ ನಡೆದಳು.

ಊಟಕ್ಕೆ ಗೈಡಿನಲ್ಲಿದ್ದ ಹೋಟೆಲಿನ ಜಾಗದಲ್ಲಿ ಈಗ ಒಂದು ಬ್ಯಾಂಕಿತ್ತು. ಊಟ ಹೇಗೂ ಚೀಲದಲ್ಲಿತ್ತು. ಒಂದು ಕಾಫಿಯನ್ನಾದರೂ ಕುಡಿಯೋಣವೆಂದು ಪಕ್ಕದ ರಸ್ತೆಯ ದರ್ಶಿನಿಗೆ ಹೋದರು. ಗಲ್ಲಾಪೆಟ್ಟಿಗೆಯ ಮೇಲೆ ಕೈಬರಹದ ಬೋರ್ಡು ತೂಗುತ್ತಿತ್ತು: ಮತ ಹಾಕಿದವರಿಗೆ ಇಂದು ಕಾಫಿ ಉಚಿತ. ಜನ ಬೆರಳೆತ್ತಿಕೊಂಡು ಸಾಲಿನಲ್ಲಿ ನಿಂತಿದ್ದರು.

“ಬೆರಳು ತೋರ್ಸಿ ಸಾರ್,” ಎಂದ ಗಲ್ಲಾದವನು.

ಯಮನೂರ ಕೈಯನ್ನು ಜೇಬಿಗೆ ಹಾಕಿದ. “ನಮ್ದು ಇಲ್ರಿ. ಊರಾಗ ಐತಿ.”

“ಬೆರಳಾ?” ಎಂದು ಹಿಂದಿನಿಂದ ಯಾರೋ ಕೇಳಿದರು. ಸಾಲು ಗೊಳ್ಳೆಂದಿತು.

“ಮೇಡಂದು ಇದ್ಯಲ್ಲ,” ಎಂದ ಗಲ್ಲಾದವನು. ಚೀಲ ಹಿಡಿದ ಶೈಲಶ್ರೀಯ ಎಡಗೈಯ ತೋರುಬೆರಳಲ್ಲಿ, ಉಗುರಿನ ಬುಡದ ತನಕ, ನೇರಳೆ ಬಣ್ಣ ಮೆತ್ತಿತ್ತು. ಬಿರುಕು ಬಿಟ್ಟ ಭಾಗಗಳ ಮೇಲೆ ಗುರುತು ಹಾಕುವ ಬಣ್ಣ ಅದು. ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಗೆರೆ ಎಳೆಯುವಾಗ ತಾಗಿ ತಾಗಿ, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. “ಒಂದು ಫ್ರೀ, ಒಂದು ಬಿಲ್ಲು. ನೆಕ್ಸ್ಟ್!”

ಅದು ಓಟಿನದ್ದಲ್ಲ ಎನ್ನಲು ಅವಳು ಬಾಯಿ ತೆರೆದಳು. ಹಿಂದಿನವರು ಆಗಲೇ ತಳ್ಳುತ್ತಿದ್ದರು. ಯಮನೂರ ಬಿಲ್ಲಿನದ್ದು ಬೇಡವೆಂದು, ಪುಕ್ಕಟೆಯ ಒಂದೇ ಕಾಫಿಯನ್ನು ಖಾಲಿ ಲೋಟ ಇಸಿದುಕೊಂಡು ಎರಡು ಮಾಡಿದ. ಅವನ ಭುಜ ಕುಲುಕುತ್ತಿತ್ತು.

“ರಿಜೆಕ್ಟ್ ಮಾಲಿನ ಬಣ್ಣಕ್ಕ ಕಾಫಿ ಕೊಟ್ಟಾನ ನೋಡು!”

“ನಗಬ್ಯಾಡ್ರಿ. ಯಾರರ ಕೇಳಿದ್ರ?”

“ಕೇಳಿದ್ರ ಏನಾಕೈತಿ? ಕುಡಿದಿದ್ದು ತಿರುಗಿ ಇಸ್ಕೊಂತಾರೇನು?”

ಅವಳು ಅರ್ಧ ಕಾಫಿಯನ್ನು ಲೋಟದಲ್ಲೇ ಬಿಟ್ಟಳು. ಹೊರಗೆ ಬಂದ ಮೇಲೂ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡೇ ನಡೆದಳು.

ಕಬ್ಬನ್ ಪಾರ್ಕಿಗೆ ಬೀಗವಿರಲಿಲ್ಲ. ಬಿದಿರು ಮೆಳೆಯ ಹತ್ತಿರ ನೆರಳು ನೋಡಿ ಕೂತರು. ಬುತ್ತಿ ಬಿಚ್ಚಿದಾಗ ಮೊಸರಿನ ಡಬ್ಬಿಯ ಮುಚ್ಚಳ ಸಡಿಲಾಗಿ, ಚೀಲದ ತಳದಲ್ಲೆಲ್ಲ ಮೊಸರು ಹರಿದಿತ್ತು. ಗೈಡು ಅರ್ಧ ನೆನೆದು ಉಬ್ಬಿತ್ತು. ರೊಟ್ಟಿ, ಶೇಂಗಾ ಚಟ್ನಿ ಮಾತ್ರ ನೆಟ್ಟಗಿದ್ದವು. ಅವಳು ಪುಸ್ತಕವನ್ನು ಸೆರಗಿನಿಂದ ಒರೆಸತೊಡಗಿದಳು. ಒರೆಸಿದಷ್ಟೂ ಅಕ್ಷರ ಕೆದರಿದವು.

“ಉಂಡು ಮನಿಗೆ ಹೋಗೂಣೇನು?” ಎಂದ ಯಮನೂರ.

“ಇನ್ನೂ ಲಾಲ್‌ಬಾಗ್ ಐತಿ.”

“ಅದಕ್ಕೂ ಗೇಟು ಇರ್ತೈತಿ ಶೈಲಾ.”

ಅವಳು ಪುಸ್ತಕವನ್ನು ಹುಲ್ಲಿನ ಮೇಲೆ ಕುಕ್ಕಿದಳು. “ನನಗೇನು ಗೇಟು ನೋಡೋದಿತ್ತು, ತಾರಾಲಯ ನೋಡೋದಿತ್ತು ಅಂತ ಮಾಡೀರೇನು?”

“ಮತ್ತ?”

“ಅತ್ತಿಬೆಲಿಗೆ ಹೊಂಟೀನಿ ಅಂದ್ರಿ. ಆಮ್ಯಾಲೆ ಒಂದು ಮಾತಿಲ್ಲ. ನೀನೂ ಬಾ ಅಂದ್ರೇನು? ಇಲ್ಲ. ಇಲ್ಲೇ ಇರು ಅಂದ್ರೇನು? ಅದೂ ಇಲ್ಲ. ಇವತ್ತ ಮುಂಜಾನಿಂದ ಜೋಡಿ ಅಡ್ಡಾಡಾಕತ್ತೀವಿ, ಮೆಟ್ರೋ ಬಗ್ಗೆ ಮಾತಾಡಿದ್ರಿ, ಬೀಗದ ಬಗ್ಗೆ ಮಾತಾಡಿದ್ರಿ. ನಾ ಏನು ನಿಮಗ ಬಸ್ಸಿನಾಗ ಬಾಜೂ ಸೀಟಿನ್ಯಾಗ ಕುಂತಾಕಿ ಏನು?”

ಆಚೆ ಮರದ ಕೆಳಗಿನ ಮುದುಕ ದಂಪತಿ ಇತ್ತ ತಿರುಗಿದರು. ಅವಳು ಅವರಿಗೆ ಬೆನ್ನು ಮಾಡಿ ಕೂತಳು.

ಯಮನೂರ ರೊಟ್ಟಿ ಮುರಿದ. ಮುರಿದ ತುಂಡನ್ನು ಮತ್ತೆ ಮುರಿದ. ತಿನ್ನಲಿಲ್ಲ.

“ಕೇಳಿದ್ರ ನೀ ಬರ್ತಿ,” ಎಂದ.

“ಬಂದ್ರ ಏನು ತಪ್ಪು?”

“ಅದಕ ಕೇಳಿಲ್ಲ.” ಅವನು ಅವಳನ್ನು ನೋಡದೆ ಹೇಳುತ್ತಿದ್ದ. “ಪರ್ಮನೆಂಟ್ ಆದ ದಿನ ಆ ಕಾರ್ಡ್ ಕೊಳ್ಳಾಗ ಹಾಕ್ಕೊಂಡು ಕನ್ನಡಿ ಮುಂದ ನಿಂತಿದ್ದಿ. ನಾ ಮಲಗೀನಿ ಅಂತ ತಿಳಕೊಂಡಿದ್ದಿ. ಮಲಗಿರಲಿಲ್ಲ. ಅದನ್ನ ಬಿಟ್ಟು ಬಾ ಅಂತ ಯಾವ ಬಾಯಿಲೆ ಅನ್ಲಿ?”

“ಹಂಗಾದ್ರ ಬಿಡಬ್ಯಾಡ ಅಂತರ ಅನ್ರಿ.”

“ಹಂಗ ಅಂದ್ರ ನಾ ಅಲ್ಲಿ...” ಎಂದವನು ನಿಲ್ಲಿಸಿದ. ರೊಟ್ಟಿಯ ಚೂರುಗಳನ್ನು ಒಟ್ಟುಮಾಡಿ ಮುಚ್ಚಳದ ಮೇಲೆ ಇಟ್ಟ.

ಅವಳು ಕೇಳಬೇಕೆಂದಿದ್ದ ಮಾತು ಕೇಳಿಸಿತ್ತು. ಇಷ್ಟು ದಿನ ಅದಕ್ಕಾಗಿ ಕಾದಿದ್ದಳು. ಈಗ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸಿಟ್ಟು ಇನ್ನೂ ಹೆಚ್ಚಾಯಿತು. ಸುಮ್ಮನೆ ಬಾ ಎಂದಿದ್ದರೆ ಜಗಳವಾಡಬಹುದಿತ್ತು, ಬೇಡ ಎಂದಿದ್ದರೆ ಅಳಬಹುದಿತ್ತು.

ಅವನು ಪುಸ್ತಕವನ್ನು ಎತ್ತಿಕೊಂಡು, ಕೊನೆಯ ಪುಟದಲ್ಲಿ ಮಡಿಚಿಟ್ಟಿದ್ದ ನಕಾಶೆಯನ್ನು ಹುಷಾರಾಗಿ ಬಿಡಿಸಿ ಹುಲ್ಲಿನ ಮೇಲೆ ಹಾಸಿದ. ಪೀಣ್ಯ ಹುಡುಕಿದ. ಇರಲಿಲ್ಲ. ಮೇಲಿನ ಮೂಲೆಯಲ್ಲಿ ‘ತುಮಕೂರಿಗೆ’ ಎಂದು ಒಂದು ಬಾಣ ಹೊರಗೆ ಹೋಗುತ್ತಿತ್ತು. ಕೆಳಗಿನ ಮೂಲೆಯಲ್ಲಿ ‘ಹೊಸೂರಿಗೆ’ ಎಂದು ಇನ್ನೊಂದು. ಅವನು ಮೇಲಿನ ಬಾಣದ ಜಾಡು ಹಿಡಿದು ಕಾಗದ ದಾಟಿ, ಹುಲ್ಲಿನ ಮೇಲೆ ಬೆರಳಿಟ್ಟ. “ನಮ್ಮ ಖೋಲಿ ಇಲ್ಲಿ ಬರ್ತೈತಿ.” ಇನ್ನೊಂದು ಕೈಯನ್ನು ಕೆಳಗಿನ ಬಾಣದಾಚೆ, ಬುತ್ತಿಯ ಡಬ್ಬಿಯಿಂದಲೂ ಆಚೆ ಚಾಚಿದ. “ಅತ್ತಿಬೆಲಿ ಇಲ್ಲಿ.” ಎರಡೂ ಕೈ ಚಾಚಿ ನಕಾಶೆಯ ಮೇಲೆ ಬಾಗಿದ್ದ ಅವನು ಹಾಗೇ ಸ್ವಲ್ಪ ಹೊತ್ತು ಇದ್ದ. “ನಡುವ ಇಷ್ಟು ಬೆಂಗಳೂರು.”

“ಅದೂ ಬಂದ್ ಐತಿ,” ಎಂದಳು ಶೈಲಶ್ರೀ.

ಲಾಲ್‌ಬಾಗಿಗೆ ಹೋಗಲಿಲ್ಲ. ವಾಪಸ್ಸು ಮೆಟ್ರೋದಲ್ಲಿ ಜಾಗ ಸಿಕ್ಕಿತು. ಯಶವಂತಪುರ ದಾಟಿದ ಮೇಲೆ ಕಿಟಕಿಯಾಚೆ ಶೀಟಿನ ಮಾಡುಗಳು, ಹೊಗೆಯಿಲ್ಲದ ಚಿಮಣಿಗಳು ಕಾಣತೊಡಗಿದವು.

“ಸ್ವಾಮಾರಕ್ಕೊಮ್ಮೆ ಬರ್ತೀನಲ್ಲ,” ಎಂದ ಯಮನೂರ.

“ಸ್ವಾಮಾರ ನಾ ಕಂಪನ್ಯಾಗ ಇರ್ತೀನಿ.”

“ಸಂಜೀಕ ಬರ್ತಿಯಲ್ಲ.”

“ನಾ ಬರೂದ್ರಾಗ ನೀವು ತಿರುಗಿ ಹೊಂಟಿರ್ತೀರಿ.”

ಅವನು ತಲೆಯಾಡಿಸಿದ. ಲೆಕ್ಕ ಸರಿಯಾಗಿತ್ತು.

ವಠಾರದಲ್ಲಿ ಎಲ್ಲ ಬಾಗಿಲಿಗೂ ಬೀಗ. ಓಣಿಯಲ್ಲಿ ಚಪ್ಪಲಿಗಳಿರಲಿಲ್ಲ, ಟಿವಿಗಳ ಸದ್ದಿರಲಿಲ್ಲ. ನಲ್ಲಿಯ ಕೆಳಗೆ ಒಂದೂ ಕೊಡವಿರಲಿಲ್ಲ. ನೀರು ತಾನೇ ಬಂದು ತಾನೇ ಹರಿದುಹೋಗುತ್ತಿತ್ತು. ಶೈಲಶ್ರೀ ಓಡಿ ಹೋಗಿ ಕೊಡ ಇಟ್ಟಳು. ಆಮೇಲೆ ಅವಸರವೇನೂ ಇಲ್ಲವೆಂಬುದು ನೆನಪಾಗಿ ಅಲ್ಲೇ ಕಲ್ಲಿನ ಮೇಲೆ ಕೂತಳು. ನೆನೆಹಾಕಿದ್ದ ಬಟ್ಟೆಗಳನ್ನು ತಂದು ಒಗೆದಳು. ಯೂನಿಫಾರ್ಮಿನ ಎಣ್ಣೆ ಕಲೆಯ ಮೇಲೆ ಬ್ರಷ್ಷನ್ನು ಬೇಕಾದ್ದಕ್ಕಿಂತ ಜೋರಾಗಿ ಉಜ್ಜಿದಳು. ಬೆರಳಿನ ಬಣ್ಣವನ್ನೂ ಉಜ್ಜಿದಳು. ಅದು ಹೋಗಲಿಲ್ಲ.

ಯಮನೂರ ಬಂದು ಹಿಂಡಿದ ಬಟ್ಟೆಗಳ ಬಕೆಟ್ಟನ್ನು ಎತ್ತಿಕೊಂಡು ಮಹಡಿ ಹತ್ತಿದ. ಬಟ್ಟೆ ಒಣಹಾಕುವುದು ಅವನ ಕೆಲಸವಾಗಿರಲಿಲ್ಲ. ಅವಳು ಕೊಡಗಳನ್ನು ಒಳಗಿಟ್ಟು, ಕೈ ಒರೆಸಿಕೊಂಡು, ತಡೆದು ಮೇಲೆ ಹೋದಳು.

ಮಹಡಿಯ ಈ ತುದಿಯಿಂದ ಆ ತುದಿಯ ತನಕ ತಂತಿ ಬರಿದಾಗಿತ್ತು. ಸಂಜೆಯ ಗಾಳಿಗೆ ಗುರುತಿನ ಚಿಂದಿಗಳಷ್ಟೇ ಅಲುಗುತ್ತಿದ್ದವು. ಟ್ಯಾಂಕಿನ ಪಕ್ಕದ ಮೊಳದಷ್ಟು ಜಾಗದಲ್ಲಿ ಮಾತ್ರ ಎಲ್ಲವೂ ಇತ್ತು. ಅವನ ಯೂನಿಫಾರ್ಮ್, ಅದರ ಮೇಲೆ ಅರ್ಧ ಹಾಯ್ದ ಅವಳ ಕೋಟು, ಅದರ ಮೇಲೆ ಟವೆಲ್ಲು. ಚಿಂದಿಗೆ ಒತ್ತಿಕೊಂಡು, ಕೊನೆಯಲ್ಲಿ, ನಡು ಬಿಚ್ಚಿ ಜೋತುಹಾಕಿದ ಗೈಡು. ಒದ್ದೆ ನಕಾಶೆ ಕೆಳಗೆ ಇಳಿಬಿದ್ದಿತ್ತು.

“ಇಷ್ಟುದ್ದ ಖಾಲಿ ಐತಲ್ರೀ,” ಎಂದಳು.

ಅವನು ತಂತಿಯನ್ನು ಆಗ ಮೊದಲ ಸಲ ನೋಡುವವನಂತೆ ನೋಡಿದ. “ಹೌದಲ್ಲ,” ಎಂದು, ಕೋಟನ್ನು ಬಿಡಿಸಿ ಆಚೆ ಹಾಕಲು ಕ್ಲಿಪ್ಪಿಗೆ ಕೈ ಹಾಕಿದ.

“ಇರ್ಲಿ ಬಿಡ್ರಿ.”

ಅವನು ಕೈ ತೆಗೆದ. ಇಬ್ಬರೂ ಟ್ಯಾಂಕಿಗೆ ಒರಗಿ ನಿಂತರು. ಅವನ ಯೂನಿಫಾರ್ಮಿನ ತೋಳಿನಿಂದ ನೀರು ಅವಳ ಕೋಟಿನ ಮೇಲೆ ಇಳಿದು, ಕೋಟಿನ ಅಂಚಿನಲ್ಲಿ ತುಂಬಿ, ಸಿಮೆಂಟಿನ ನೆಲದ ಮೇಲೆ ಒಂದೇ ಕಡೆ ತೊಟ್ಟಿಕ್ಕುತ್ತಿತ್ತು.